ಒಳ್ಳೆ ಕೈ ಕಟ್ಟೋ ಫಾರ್ವರ್ಡು: ಬಿಪಿಟಿ (ಫಿಸಿಯೋಥೆರಪಿ ಪದವಿ) ಬ್ಯಾಚ್ ಗುಂಪಿನ ಭಾನುವಾರ

ಲೋಕೇಶ: (ಹಲವು ಬಾರಿ ಫಾರ್ವರ್ಡ್ ಆಗಿದೆ) 🙏 ಲಕ್ವ ಹೊಡೆದವರಿಗೆ ಶುಭ ಸುದ್ದಿ!! ಒಳ್ಳೆಯ ಕೈಯನ್ನು 21 ದಿನ ಬಟ್ಟೆಯಿಂದ ಕಟ್ಟಿಡಿ. ಸೋತ ಕೈ ತಾನಾಗಿಯೇ ಎದ್ದು ಬರುತ್ತದೆ. ಆಸ್ಪತ್ರೆಯವರು ಹೇಳದ ಗುಟ್ಟು. 10 ಜನರಿಗೆ ಕಳಿಸಿ.

ಲೋಕೇಶ: ನೋಡ್ರಪ್ಪಾ, ನಮ್ಮ ಹೊಟ್ಟೆ ಮೇಲೆ ಹೊಡೀತಾರೆ 😂

ಗುರುಮೂರ್ತಿ ಸರ್: 👍

ಶೈಲಜಾ: ಮೂಲ ಯಾವುದು? ಹೋದ ತಿಂಗಳ ಅರಿಶಿನದ ಫಾರ್ವರ್ಡಿಗೂ ಕೇಳಿದ್ದೆ, ಇನ್ನೂ ಬಂದಿಲ್ಲ.

ಲೋಕೇಶ: ಶುರುವಾಯ್ತು ವೈವಾ.

ಇರ್ಫಾನ್: ಪೂರ್ತಿ ಬುರುಡೆ ಆಗಿದ್ರೆ ನಕ್ಕು ಬಿಡಬಹುದಿತ್ತು. ಇದು ಸಿಐಎಂಟಿನ, ಅಂದ್ರೆ ಒಳ್ಳೆ ಕೈಗೆ ತಡೆ ಹಾಕಿ ಸೋತ ಕೈಗೆ ಕೆಲಸ ಕೊಡೋ ಚಿಕಿತ್ಸೆನ, ಯಾರೋ ಅರ್ಧಕ್ಕೆ ಕತ್ತರಿಸಿರೋದು. ಅದನ್ನ ಪರೀಕ್ಷೆ ಮಾಡಿದ 2006ರ ಎಕ್ಸೈಟ್ ಟ್ರಯಲ್ ನೋಡಿ. 222 ಜನ, ಎಲ್ಲರೂ ಸ್ಟ್ರೋಕ್ ಆಗಿ 3ರಿಂದ 9 ತಿಂಗಳಾದವರು. 2 ವಾರ, ಎಚ್ಚರ ಇರೋ ಹೊತ್ತಲ್ಲಿ ಶೇ. 90ರಷ್ಟು ಒಳ್ಳೆ ಕೈಗೆ ಮಿಟ್ (ದಪ್ಪ ಕೈಗವಸು). ಅದರ ಜೊತೆ ವಾರದ ದಿನಗಳಲ್ಲಿ 6 ಗಂಟೆವರೆಗೂ ಸೋತ ಕೈಗೆ ಕೆಲಸ. ಆ ಕೆಲಸ ಕೊಡದೆ ಬರೀ ಕಟ್ಟಿ ಕೂರಿಸಿದ್ರೆ ಇದ್ದ ಒಂದು ಕೈಯೂ ಹೋದಂಗೆ.

ಶೈಲಜಾ: ಆ 21 ದಿನ ಕೂಡ ಲಕ್ವದ್ದಲ್ಲ. ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಅನ್ನೋ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದು, ರೋಗಿಗಳು ಹೊಸ ಮುಖಕ್ಕೆ ಒಗ್ಗೋಕೆ ಕಡಿಮೆ ಅಂದ್ರೂ ಅಷ್ಟು ದಿನ ಬೇಕು ಅಂತ.

ಗುರುಮೂರ್ತಿ ಸರ್: ಮಕ್ಕಳೇ, ಶ್ರದ್ಧೆಯಿದ್ದರೆ ಎಲ್ಲವೂ ಸಾಧ್ಯ. ನಮ್ಮ ಕಾಲದಲ್ಲಿ ಒಂದೇ ಚಲನೆಯನ್ನು ನೂರು ಸಲ ಮಾಡಿಸುತ್ತಿದ್ದೆವು. ಯಾರೂ ಎದುರಾಡುತ್ತಿರಲಿಲ್ಲ.

ಅನುಪಮಾ: ನೂರು ಸಲ ಸರಿ ಸರ್, ಒಂದೇ ಚಲನೆ ಅನ್ನೋದಕ್ಕೆ ನನ್ನ ತಕರಾರು. ಅಭ್ಯಾಸದ ಕ್ರಮದ ಬಗ್ಗೆ 1979ರಲ್ಲಿ ಶೇ ಮತ್ತು ಮಾರ್ಗನ್ ಅನ್ನೋ ಸಂಶೋಧಕರು ತೋರಿಸಿದ್ದು ನೆನಪಿದ್ಯಲ್ಲ. ಮೂರು ಕೆಲಸನ ಒಂದು ಮುಗಿಸಿ ಇನ್ನೊಂದು ಅಂತ ತೀಡಿದವರು ಅಭ್ಯಾಸದ ಹೊತ್ತಲ್ಲಿ ಚುರುಕು. 10 ದಿನ ಬಿಟ್ಟು ಪರೀಕ್ಷೆ ಮಾಡಿದಾಗ ಮುಂದಿದ್ದವರು ಕಲಸಿ ಮಾಡಿದವರು. ಆದ್ರೆ ಅವರೆಲ್ಲ ಗಟ್ಟಿಮುಟ್ಟಾದ ಕಾಲೇಜು ವಿದ್ಯಾರ್ಥಿಗಳು. ಮುಷ್ಟಿ ಬಿಚ್ಚೋಕೇ ಒದ್ದಾಡೋವ್ರಿಗೆ ಮೊದಲು ಲೋಟ ಒಂದನ್ನೇ ಕೊಡಿ. ಹಿಡಿತ ಬಂದ ಮೇಲೆ ಲೋಟ, ಚಿಲಕ, ಗುಂಡಿ ಅಂತ ಅದಲುಬದಲು ಮಾಡಿ. ಪ್ರತಿ ಸಲ ‘ಸರಿ’, ‘ತಪ್ಪು’ ಅಂತ ಕೂಗ್ತಾನೂ ಇರಬಾರದು. ದೊಡ್ಡವರು ನಮ್ಮ ಬಾಯನ್ನೇ ಕಾಯ್ತಾ ಕೂರ್ತಾರೆ. ಮಕ್ಕಳಿಗೆ ಮಾತ್ರ ಹಾಗೆ ಹೇಳೋದು ಹೆಚ್ಚು ಬೇಕು.

ಪ್ರಸನ್ನ: ಮಾರ್ಗನ್ ಅಂದ ಕೂಡ್ಲೇ ಕ್ಯಾಂಟೀನ್ ಪಡ್ಡು ನೆನಪಾಯ್ತು ಗುರೂ. ಆ ಚಟ್ನಿ!

ಲೋಕೇಶ: ಪಡ್ಡಿನ ದುಡ್ಡು ಯಾರು ಕೊಟ್ಟಿದ್ರು ಅಂತಾನೂ ನೆನಪು ಮಾಡ್ಕೊ.

ಶೈಲಜಾ: ಲೋಕೇಶ, ಇದು ನಿನಗೆ ಎಲ್ಲಿಂದ ಬಂತು?

ಲೋಕೇಶ: ದೊಡ್ಡಮ್ಮನ ಮಗ ಕಳಿಸಿದ. ಅವನ ಮಾವಂಗೆ ಲಕ್ವ ಹೊಡೆದು ಹತ್ತು ದಿನ. ಹಳೇ ಪಂಚೆ ಹರಿದು ರೆಡಿ ಇಟ್ಕೊಂಡಿದಾನೆ.

ಇರ್ಫಾನ್: ಮೊದಲು ಫೋನ್ ಮಾಡಿ ನಿಲ್ಲಿಸೋ! ಹತ್ತು ದಿನಕ್ಕೇ ಜೋರು ಮಾಡೋಕೆ ಹೋಗಬಾರದು. 2009ರ ವೆಕ್ಟರ್ಸ್ ಟ್ರಯಲ್‌ನಲ್ಲಿ ಅಷ್ಟು ಬೇಗ ಸಿಐಎಂಟಿನ ಹೆಚ್ಚು ಡೋಸಲ್ಲಿ ಕೊಟ್ಟ ಗುಂಪು 90ನೇ ದಿನಕ್ಕೆ ಹಿಂದೆ ಬಿದ್ದಿತ್ತು. ಮತ್ತೆ, ವಾಲಿದಾಗ ಊರೋಕೆ ಕೈ ಬೇಕಲ್ಲ. ಕಟ್ಟದೆ ಮಿಟ್ ಹಾಕೋದು ಅದಕ್ಕೇ, ನೀರು ಮುಟ್ಟುವಾಗ ಅದನ್ನೂ ತೆಗೀತಾರೆ. ಮಣಿಕಟ್ಟು ಎಷ್ಟು ಏಳುತ್ತೆ? ಮುಂಗೈನ ಮೇಜಿನ ಮೇಲಿಟ್ಟು, ಹಸ್ತ ಅಂಚಿನಿಂದ ಆಚೆ ಜೋತು ಬೀಳಿಸಿ ನೋಡಿಸು. 10 ಡಿಗ್ರಿನೂ ಏಳದಿದ್ರೆ ಎಕ್ಸೈಟ್‌ಗೆ ಸೇರಿಸ್ಕೊಳ್ತಾನೇ ಇರಲಿಲ್ಲ.

ಲೋಕೇಶ: ಕೇಳಿದೆ. ಬೆರಳು ಸ್ವಲ್ಪ ಮಡಿಸ್ತಾರಂತೆ. ಮಣಿಕಟ್ಟು ಇಲ್ಲ.

ಇರ್ಫಾನ್: ಮಡಿಸೋದು ಲೆಕ್ಕಕ್ಕಿಲ್ಲ, ಬಿಚ್ಚಬೇಕು.

ಗುರುಮೂರ್ತಿ ಸರ್: ಹಿರಿಯರ ಕೈ ಕಟ್ಟುವುದು ಸಂಸ್ಕಾರವಲ್ಲ.

ಶೈಲಜಾ: ಸರ್, ಮೇಲೆ 👍 ಹಾಕಿದ್ದು ನೀವೇ.

ಗುರುಮೂರ್ತಿ ಸರ್: ಅದು ಲೋಕೇಶನ ಉತ್ಸಾಹಕ್ಕೆ.

ಅನುಪಮಾ: ಲೋಕೇಶ, ಪಂಚೆ ಬದಲು ಕನ್ನಡಿ ತರಿಸು. ಅವರ ಫಿಸಿಯೋಗೂ ಒಂದು ಮಾತು ಹೇಳಲಿ. ಮೇಜಿನ ಮೇಲೆ ಎದೆಯ ನೇರಕ್ಕೆ, ಎರಡು ಕೈಗಳ ನಡುವೆ ನಿಲ್ಲಿಸಬೇಕು, ಸೋತ ಕೈ ಹಿಂದೆ ಮರೆಯಾಗಬೇಕು. ಒಳ್ಳೆ ಕೈಯ ಉಂಗುರ, ವಾಚು ತೆಗೆಸು. ಇಲ್ಲದಿದ್ರೆ ಕನ್ನಡಿಯಲ್ಲಿ ಕಾಣೋದು ತನ್ನ ಸೋತ ಕೈ ಅಂತ ಮನಸ್ಸು ಒಪ್ಪಲ್ಲ. ಆಮೇಲೆ ಕನ್ನಡಿ ನೋಡ್ತಾ ಒಳ್ಳೆ ಕೈಯಲ್ಲಿ ನಿಧಾನವಾಗಿ ಮುಷ್ಟಿ ಬಿಚ್ಚೋದು, ಮಣಿಕಟ್ಟು ಎತ್ತೋದು, ಹಿಂದಿರೋ ಕೈಯಲ್ಲೂ ಅದನ್ನೇ ಮಾಡೋಕೆ ನೋಡೋದು. ದಿನಕ್ಕೆ 30 ನಿಮಿಷ, ಎರಡು ಪಾಲು ಮಾಡಿದ್ರೂ ಸರಿ. ಮತ್ತೆ ಎಬ್ಬಿಸುವಾಗ ಸೋತ ಕೈ ಹಿಡಿದು ಎಳೀಬೇಡಿ ಅನ್ನು, ಭುಜ ಕೆಳಗೆ ಜಾರುತ್ತೆ.

ಪ್ರಸನ್ನ: ಪಡ್ಡಿಗೆ ದುಡ್ಡು ಕೊಟ್ಟಿದ್ದು ನಾನೇ. ಬೇಕಾದ್ರೆ ಇರ್ಫಾನ್‌ನ ಕೇಳಿ.

ಇರ್ಫಾನ್: ನನ್ನ ಎಳೀಬೇಡ.

ಲೋಕೇಶ: ಅನು, ಇದನ್ನ ವಾಯ್ಸ್ ನೋಟ್ ಮಾಡಿ ಹಾಕು. ಅವನು ಇಷ್ಟುದ್ದ ಓದಲ್ಲ.