ಅಪ್ಪನಿಗೆ ಹಳೇ ಇಂಜಿನ್ ಮೇಳ ತೋರಿಸಬೇಕು: ಪೆನ್ಸಿಲ್ವೇನಿಯಾ ಕಡೆ ಹೋಗಿಬಂದವರು ಹೇಳಿ

ಪ್ರಶ್ನೆ: ನಾವಿರೋದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಅಪ್ಪ-ಅಮ್ಮ ಜೂನ್‌ನಿಂದ ಆಗಸ್ಟ್ ಕೊನೆವರೆಗೆ ಇಲ್ಲೇ ಇರ್ತಾರೆ. ಅಪ್ಪ ಚನ್ನಗಿರಿ ಹತ್ತಿರ ಡೀಸೆಲ್ ಇಂಜಿನ್ ಇಟ್ಟು ಹಿಟ್ಟಿನ ಗಿರಣಿ ನಡೆಸಿದವರು. ನಯಾಗರಾ, ನ್ಯೂಯಾರ್ಕ್ ಹೋದ ಸಲವೇ ಆಯ್ತು. ಈ ಸಲ ಹಳೇ ಇಂಜಿನ್ ಷೋ, ಹಳೇ ಕಾರ್ ಷೋ ಎರಡನ್ನೂ ಒಂದೇ ವಾರಾಂತ್ಯದಲ್ಲಿ ತೋರಿಸೋಣ ಅಂತ ಇದೀನಿ. ಆಗುತ್ತಾ? ಅಮ್ಮನಿಗೆ ಮಂಡಿನೋವು, ಮಗನಿಗೆ ಆರು ವರ್ಷ, ನಾವು ಸಸ್ಯಾಹಾರಿಗಳು.

ಲ್ಯಾಂಕಾಸ್ಟರ್ ಕೌಂಟಿಯಿಂದ: ಎರಡೂ ಬೇಡ ಸರ್, ಒಂದು ಆರಿಸಿಕೊಳ್ಳಿ. ಗಿರಣಿ ನಡೆಸಿದವರಿಗೆ ಇಂಜಿನ್ ಷೋನೇ ಸರಿ. ಕಾರ್ ಷೋನಲ್ಲಿ ಪಾಲಿಶ್ ಹೊಡೆದ ಗಾಡಿ ಸಾಲಾಗಿ ನಿಂತಿರುತ್ತೆ, ಮುಟ್ಟೋ ಹಾಗಿಲ್ಲ. ಧರ್ಮಸ್ಥಳದ ಕಾರ್ ಮ್ಯೂಸಿಯಂ ನೋಡಿದವರಿಗೆ ಅದು ಅಂಥ ಹೊಸದೂ ಅಲ್ಲ. ಇಂಜಿನ್ ಷೋನಲ್ಲಿ ಎಲ್ಲವೂ ಓಡ್ತಾ ಇರುತ್ತೆ, ಪಕ್ಕದಲ್ಲಿ ಮಾಲೀಕ ಎಣ್ಣೆ ಡಬ್ಬ ಹಿಡ್ಕೊಂಡು ಯಾರಾದ್ರೂ ಏನಾದ್ರೂ ಕೇಳಲಿ ಅಂತ ಕಾಯ್ತಾ ಕೂತಿರ್ತಾನೆ.

ನಿಮಗೆ ಹತ್ತಿರದ್ದು ನಮ್ಮ ಕೌಂಟಿಯ ಕಿಂಜರ್ಸ್ ಊರಿನ ರಫ್ ಅಂಡ್ ಟಂಬಲ್. 1948ರಲ್ಲಿ ಶುರುವಾದ ಹಳೇ ಇಂಜಿನ್ ಪ್ರಿಯರ ಸಂಘ ಅದು. ದೊಡ್ಡ ಮೇಳ ಆಗಸ್ಟ್ ನಡುವಿನಲ್ಲಿ, ಸಾಮಾನ್ಯವಾಗಿ ಬುಧವಾರದಿಂದ ಶನಿವಾರದವರೆಗೆ. ಅಂದ್ರೆ ನಿಮಗೆ ಸಿಗೋದು ಶನಿವಾರ ಒಂದೇ. ಭಾನುವಾರ ಅಲ್ಲೇ ಹತ್ತಿರ ಸ್ಟ್ರಾಸ್‌ಬರ್ಗ್‌ನಲ್ಲಿ ಉಗಿಬಂಡಿ ಹತ್ತಿಸಿ. ಅದರ ಎದುರಿಗೇ ರೈಲ್ವೆ ಮ್ಯೂಸಿಯಂ ಇದೆ, ಮಳೆ ಬಂದ್ರೂ ಚಿಂತೆ ಇಲ್ಲ. ಅಮ್ಮನೂ ಕೂತು ನೋಡಬಹುದು.

ನಮ್ಮ ಮಾವನೋರನ್ನ ಕರ್ಕೊಂಡು ಹೋಗಿದ್ವಿ. ಹಬೆ ಟ್ರಾಕ್ಟರ್ ಕಣ್ಣಿಗೆ ಬಿದ್ದ ತಕ್ಷಣ ಫೋಟೊ ತೆಗೆಸಿಕೊಂಡರು, ಅಷ್ಟೇ. ಅವರು ನಿಂತುಬಿಟ್ಟದ್ದು ಒಂದು ಸಣ್ಣ ಪೆಟ್ರೋಲ್ ಇಂಜಿನ್ ಮುಂದೆ. ಇಲ್ಲಿಯವರು ಅದನ್ನ ಹಿಟ್ ಅಂಡ್ ಮಿಸ್ ಅಂತಾರೆ. ಒಂದು ಸಲ "ಡಬ್" ಅಂತ ಹೊಡೀತು, ಆಮೇಲೆ ಫ್ಲೈವೀಲ್ ಉಸ್ಸು ಉಸ್ಸು ಅಂತ ಸುಮ್ಮನೆ ತಿರುಗ್ತಾ ಇತ್ತು. "ಇಂಜಿನ್ ನಿಲ್ತಾ ಇದೆ" ಅಂದ್ರು ಮಾವ. ನಿಲ್ಲಲಿಲ್ಲ, ಮತ್ತೆ ಡಬ್! ವೇಗ ಜಾಸ್ತಿ ಆದಾಗ ಗವರ್ನರ್ (ವೇಗ ಹಿಡಿತದಲ್ಲಿಡೋ ಭಾಗ) ಕೊಂಡಿ ಹೊಗೆ ಹೊರಹೋಗೋ ಎಗ್ಸಾಸ್ಟ್ ವಾಲ್ವನ್ನ ತೆರೆದೇ ಹಿಡಿದಿಡುತ್ತೆ. ಪಿಸ್ಟನ್ ಆ ದಾರಿಯಲ್ಲೇ ಗಾಳಿ ಎಳ್ಕೊಂಡು ಬಿಡ್ತಾ ಇರುತ್ತೆ, ಪೆಟ್ರೋಲ್ ಒಳಗೆ ಬರೋದೇ ಇಲ್ಲ. ವೇಗ ಇಳಿದಾಗ ಕೊಂಡಿ ಬಿಡುತ್ತೆ, ಆಗ ಇನ್ನೊಂದು ಹೊಡೆತ. ಮೇಲಿನ ತೊಟ್ಟಿಯಲ್ಲಿ ನೀರು ಕುದೀತಾ ಇರೋದು ನೋಡಿ ಮಾವನಿಗೆ ಗಾಬರಿ. ಆದ್ರೆ ಆ ಇಂಜಿನ್ ತಣ್ಣಗಾಗೋದೇ ಹಾಗೆ, ನೀರು ಆವಿಯಾಗ್ತಾ ಹೋದ ಹಾಗೆ ತಂಬಿಗೆಯಲ್ಲಿ ಸುರೀತಾರೆ. ಮಾಲೀಕನಿಗೆ ಕನ್ನಡ ಬರಲ್ಲ, ಮಾವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಕೈಸನ್ನೆಯಲ್ಲೇ ಹತ್ತಾರು ಪ್ರಶ್ನೆ ನಡೀತು. ನಾವು ಊಟಕ್ಕೆ ಕರೆದರೂ ಬರಲಿಲ್ಲ.

ಧಾರವಾಡದಾಕಿ, ಈಗ ಫಿಲಡೆಲ್ಫಿಯಾದಾಗ: ಒಂದು ಮಾತು ಹೇಳ್ತೀನ್ರೀ, ಯಾರೂ ಹೇಳಂಗಿಲ್ಲ. ಅವ್ವಾರು ಸೀರಿ ಉಟ್ರ ಸೆರಗು ಸೊಂಟಕ್ಕ ಸಿಗಿಸ್ಲಿಕ್ಕ ಹೇಳ್ರಿ, ದುಪಟ್ಟಾನೂ ಅಷ್ಟ. ಟ್ರಾಕ್ಟರಿನಿಂದ ರಾಶಿ ಮಾಡೋ ಮಷೀನಿಗೆ ಉದ್ದಾನ ಪಟ್ಟಾ ಹಾಕಿರ್ತಾರ, ಹಗ್ಗ ಕಟ್ಟಿರ್ತಾರ ಖರೆ, ಆದ್ರ ಸಣ್ಣ ಇಂಜಿನ್ನಿನ ಹತ್ರ ಜನ ಭಾಳ ಸಮೀಪ ನಿಂತಿರ್ತಾರ. ಬಿಳಿ ಅಂಗಿ ಅಂತೂ ಬ್ಯಾಡ. ಕಲ್ಲಿದ್ದಲಿನ ಮಸಿ ಮ್ಯಾಲೆ ಬೀಳ್ತದ, ಹೋಗೂದಿಲ್ಲ. ಹುಡುಗನ ಕಿವಿಗೆ ಹಾಕೋ ಮುಚ್ಚಳ ಒಯ್ರಿ. ಸೀಟಿ ಹೊಡದ್ರ ಎದಿ ಝಲ್ ಅಂತದ!

ಪಿಟ್ಸ್‌ಬರ್ಗ್‌ನಿಂದ: ಜೂನ್‌ನಲ್ಲಿ ಬಿಡುವಿದ್ದರೆ ಕೂಲ್‌ಸ್ಪ್ರಿಂಗ್ ಪವರ್ ಮ್ಯೂಸಿಯಂ ಬಿಡಬೇಡಿ. ನಿಮಗೆ ದೂರ, ಐದು ಗಂಟೆ ದಾರಿ ಹಿಡಿಯುತ್ತೆ. 1985ರಲ್ಲಿ ಆದ ಮ್ಯೂಸಿಯಂ, 250ಕ್ಕೂ ಹೆಚ್ಚು ಹಳೇ ಇಂಜಿನ್‌ಗಳಿವೆ. ಹಬೆಗಿಂತ ಗ್ಯಾಸ್, ಎಣ್ಣೆ ಇಂಜಿನ್‌ಗಳದ್ದೇ ಕಾರುಬಾರು. ಸ್ನೋ ಅನ್ನೋ ಕಂಪನಿಯ 600 ಅಶ್ವಶಕ್ತಿಯ ಇಂಜಿನ್ ಓಡಿಸುವಾಗ ಕಟ್ಟಡದೊಳಗೇ ನಿಂತು ನೋಡಬಹುದು. ಡೀಸೆಲ್ ಇಂಜಿನ್ ಕೈಯಿಂದ ಸುತ್ತಿ ಸ್ಟಾರ್ಟ್ ಮಾಡಿದವರಿಗೆ ಇದರ ಬೆಲೆ ಗೊತ್ತಾಗುತ್ತೆ. ಮಕ್ಕಳಿಗೆ ಒಂದು ಗಂಟೆಯಲ್ಲೇ ಬೇಜಾರು. ನಾನಾಗಿದ್ದರೆ ಮಗನನ್ನ ಮನೆಯಲ್ಲಿ ಬಿಟ್ಟು ಅಪ್ಪನನ್ನ ಮಾತ್ರ ಕರ್ಕೊಂಡು ಹೋಗ್ತಿದ್ದೆ.

ಲ್ಯಾಂಕಾಸ್ಟರ್ ಕೌಂಟಿಯಿಂದ, ಮತ್ತೆ: ಪಿಟ್ಸ್‌ಬರ್ಗ್‌ನವರು ಹೇಳಿದ್ದು ಸರಿ, ಆದ್ರೆ ಆ ದೂರಕ್ಕೆ ರಾತ್ರಿ ಉಳಿಯಲೇಬೇಕು.

ಅಲೆನ್‌ಟೌನ್‌ನಿಂದ: ಕಾರೇ ಬೇಕು ಅನ್ನೋದಾದ್ರೆ ಮಕಂಜಿ ಪಾರ್ಕ್. ಆಗಸ್ಟ್ ಮೊದಲ ವಾರಾಂತ್ಯ ದಾಸ್ ಆಕ್ಸ್ಟ್ ಫೆಸ್ಟ್ ಅಂತ ಹಳೇ ಕಾರ್ ಮೇಳ ಮಾಡ್ತಾರೆ. ಮರದ ನೆರಳಿದೆ, ಎಡಿಸನ್‌ನಿಂದ ಹತ್ತಿರ. ಕಿಂಜರ್ಸ್ ಮೇಳದ ಜೊತೆ ಒಂದೇ ವಾರಾಂತ್ಯಕ್ಕೆ ಬೀಳಲ್ಲ, ಹಾಗಾಗಿ ನಿಮ್ಮ "ಎರಡೂ" ಅನ್ನೋ ಪ್ರಶ್ನೆ ಅಲ್ಲಿಗೇ ಮುಗೀತು.

ಊಟದ ವಿಷಯ. ಎಲ್ಲ ಕಡೆ ಒಂದೇ ಕಥೆ: ಫ್ರೆಂಚ್ ಫ್ರೈಸ್, ಪ್ರೆಟ್ಜೆಲ್, ಬೇಯಿಸಿದ ಮುಸುಕಿನ ಜೋಳ, ಇಷ್ಟೇ ಸಸ್ಯಾಹಾರ. ಫ್ರೈಸ್ ಕರಿಯೋ ಎಣ್ಣೆ ಯಾವುದು ಅಂತ ಕೇಳಿ ತಗೊಳ್ಳಿ, ಕೆಲವರು ಹಂದಿ ಕೊಬ್ಬಿನಲ್ಲಿ ಕರೀತಾರೆ. ಹಳೇ ಇಂಜಿನ್‌ಗೆ ಪಟ್ಟಿ ಹಾಕಿ ತಿರುವೋ ಐಸ್‌ಕ್ರೀಂ ಸಿಕ್ಕರೆ ಮಾತ್ರ ಕ್ಯೂ ಎಷ್ಟಿದ್ರೂ ನಿಲ್ಲಿ. ನಾವು ಚಿತ್ರಾನ್ನ, ಚಪಾತಿ-ಚಟ್ನಿಪುಡಿ ಕಟ್ಕೊಂಡು ಹೋಗ್ತೀವಿ, ಮೊಸರನ್ನಕ್ಕೆ ಐಸ್ ಪೆಟ್ಟಿಗೆ. ಮಂಡಿನೋವಿರೋ ಅಮ್ಮನಿಗೆ ಮಡಚೋ ಕುರ್ಚಿ ಕಾರಿನಲ್ಲೇ ಇರಲಿ, ಅಲ್ಲೆಲ್ಲ ಹುಲ್ಲು, ಜಲ್ಲಿ, ಏರುಪೇರು. ಬೆಳಿಗ್ಗೆ ಒಂಬತ್ತಕ್ಕೇ ಸೇರಿಕೊಳ್ಳಿ. ಮಧ್ಯಾಹ್ನ ಎರಡರ ಮೇಲೆ ಸೆಕೆ ತಡೆಯೋಕಾಗಲ್ಲ, ಗುಡುಗು ಮಳೆಯೂ ಆಗಲೇ ಬರೋದು. ಕೈಯಲ್ಲಿ ಸ್ವಲ್ಪ ನಗದು ಇರಲಿ, ಸಣ್ಣ ಅಂಗಡಿಗಳಲ್ಲಿ ಕಾರ್ಡ್ ನಡೆಯಲ್ಲ. ಹಳೇ ಸ್ಪ್ಯಾನರ್, ಎಣ್ಣೆ ಡಬ್ಬ ಮಾರೋ ಸಾಲಿಗೆ ಅಪ್ಪ ಹೊಕ್ಕರೆ ವಾಪಸ್ ಹೋಗುವಾಗ ಲಗೇಜ್ ತೂಕ ನೋಡ್ಕೊಳ್ಳಿ. ಏಳು ಇಂಚಿಗಿಂತ ಉದ್ದದ ಸ್ಪ್ಯಾನರ್‌ನ ಚೆಕ್-ಇನ್ ಬ್ಯಾಗಿನಲ್ಲೇ ಹಾಕಬೇಕು, ಕೈಚೀಲದಲ್ಲಿಟ್ಟರೆ ಏರ್‌ಪೋರ್ಟ್‌ನಲ್ಲಿ ತೆಗೆಸಿಬಿಡ್ತಾರೆ.