ಸಹಾಯ ಬೇಕು: ಮಂಗನ ಕಾಯಿಲೆ ಬಗ್ಗೆ ಡಾಕ್ಟರಿಗೂ ಊರವರಿಗೂ ಒಟ್ಟಿಗೆ ಹೇಳುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಸೊರಬ ಕಡೆಯ ಒಂದು ಊರಲ್ಲಿ ಮಂಗನ ಕಾಯಿಲೆ ಬಗ್ಗೆ ಅರ್ಧ ಗಂಟೆ ಮಾತಾಡಬೇಕಿದೆ. 1957ರಲ್ಲಿ ಈ ಕಾಯಿಲೆಯ ವೈರಸ್ ಮೊದಲು ಸಿಕ್ಕಿದ್ದೇ ಅದೇ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಹಾಗಾಗಿ ಊರವರಿಗೆ ಕಾಯಿಲೆ ಹೊಸದೇನಲ್ಲ. ಮುಂದಿನ ಸಾಲಲ್ಲಿ ಡಾಕ್ಟರು, ಪಶುವೈದ್ಯರು. ಹಿಂದೆ ಅಡಿಕೆ ತೋಟದವರು, ಸೊಪ್ಪು ಸೌದೆಗೆ ಕಾಡಿಗೆ ಹೋಗುವವರು.

ನಾನು ಸಿಕ್ಕಿಹಾಕಿಕೊಂಡಿರುವುದು ಮಂಗನ ಪಾತ್ರ ಹೇಳುವಲ್ಲಿ. ರೋಗ ಮನುಷ್ಯರಿಗೆ ದಾಟುವುದು ಹೆಚ್ಚಾಗಿ ಉಣುಗು (ಮೈಗೆ ಅಂಟಿ ರಕ್ತ ಹೀರುವ ಚಿಕ್ಕ ಹುಳ) ಕಚ್ಚಿ. ಮಂಗಕ್ಕೂ ಅದರಿಂದಲೇ ಬರುತ್ತದೆ, ಆದರೆ ಮಂಗ ಸತ್ತಾಗ ಮೈಮೇಲಿನ ಉಣುಗುಗಳು ಅಲ್ಲೇ ಉದುರಿ ಆ ಜಾಗವೇ ಅಪಾಯದ್ದಾಗುತ್ತದೆ. ಇದನ್ನು ಪೂರ್ತಿ ಹೇಳಿದರೆ "ಹಾಗಾದ್ರೆ ಮಂಗಗಳನ್ನೇ ಓಡಿಸಿಬಿಡೋಣ" ಅನ್ನುತ್ತಾರೆ (ತೋಟ ಹಾಳು ಮಾಡುವ ಸಿಟ್ಟು ಬೇರೆ ಇದೆ, ಅಲ್ವಾ). "ಮಂಗನಿಂದ ಬರಲ್ಲ, ಉಣುಗಿನಿಂದ" ಅಂತ ಚಿಕ್ಕದು ಮಾಡಿದರೆ ಸತ್ತ ಮಂಗದ ಹತ್ತಿರ ಹೋದರೂ ಏನಾಗಲ್ಲ ಅಂದುಕೊಳ್ಳಬಹುದು. ಪರಿಚಯದ ಪಶುವೈದ್ಯರೊಬ್ಬರಿಗೆ ಈ ಸಾಲು ತೋರಿಸಿದೆ, ಅರ್ಧ ಸತ್ಯ ಅಂದರು. ಚಿತ್ರ ಬರೆದು ನೋಡಿದೆ, ಬಾಣದ ಗುರುತುಗಳೇ ಜಾಸ್ತಿಯಾಗಿ ನನಗೇ ಗೊಂದಲ. ಎರಡು ಬೇರೆ ಸಭೆ ಮಾಡಿ ಅಂದೆ, ಆಯೋಜಕರು ಒಪ್ಪಲಿಲ್ಲ.

ಇಂಥ ಮಿಶ್ರ ಸಭೆಯಲ್ಲಿ ಮಾತಾಡಿದವರು ಇದ್ದರೆ ಹೇಳಿ: "ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಆರೋಗ್ಯ ಇಲಾಖೆಗೆ ತಿಳಿಸಿ" ಅಂತ ಮೊದಲು ಹೇಳಿ ಕಾರಣ ಆಮೇಲೆ ಕೊಡಲಾ, ಇಲ್ಲಾ ಉಣುಗಿನಿಂದಲೇ ಶುರು ಮಾಡಲಾ? ವೈರಸ್ಸಿನ ವಿವರವನ್ನು ಡಾಕ್ಟರುಗಳಿಗೆ ಬೇರೆ ಹಾಳೆಯಲ್ಲಿ ಕೊಟ್ಟರೆ ಸಾಕಾ?