ಧ್ವನಿವರ್ಧಕ ಅಂದ್ರೆ ಆಂಪ್ಲಿಫಯರಾ, ಸ್ಪೀಕರಾ? ಮತ್ತೆ ಗಿಟಾರಿನ "ಒಡೆದ ಸೌಂಡಿ"ಗೆ ಎಂತ ಹೇಳುದು?

ಎಲ್ಲರಿಗೂ ನಮಸ್ಕಾರ. ಮಂಗಳೂರಿನ ಬಿಜೈಯಿಂದ ಬರೀತಾ ಇದ್ದೇನೆ. ನಮ್ಮ ಇಗರ್ಜಿಯ ಕ್ವಾಯರಿನಲ್ಲಿ ಗಿಟಾರ್ ಬಾರಿಸ್ತೇನೆ. ಈ ಮಳೆಗಾಲದಲ್ಲಿ ನಮ್ಮ 30 ವಾಟಿನ ಗಿಟಾರ್ ಆಂಪಿನ ಒಳಗಿದ್ದ 12 ಇಂಚಿನ ಸ್ಪೀಕರ್ ಹೋಯ್ತು, ಕಾಯಿಲ್ ಸುಟ್ಟದ್ದು, ಆಂಪ್ ಸರಿಯೇ ಉಂಟು. ಸಮಿತಿಗೆ ಕೊಟ್ಟ ಅರ್ಜಿಯಲ್ಲಿ ನಾನು ಚಂದ ಕನ್ನಡದಲ್ಲಿ "ಧ್ವನಿವರ್ಧಕ ಬದಲಾಯಿಸಬೇಕು" ಅಂತ ಬರೆದೆ, ಅವರು ಹೊಸ ಆಂಪಿನದ್ದೇ ರೇಟು ತರಿಸಿಬಿಟ್ರು.

ತಪ್ಪು ಅವರದ್ದಲ್ಲ. ವರ್ಧಕ ಅಂದ್ರೆ ಹೆಚ್ಚು ಮಾಡುವಂಥದ್ದು, ಆ ಕೆಲಸ ಮಾಡುದು ಆಂಪ್ಲಿಫಯರ್, ಸ್ಪೀಕರ್ ಏನನ್ನೂ ಹೆಚ್ಚು ಮಾಡುದಿಲ್ಲ, ಬಂದ ಕರೆಂಟಿಗೆ ಅದರ ಕಾಗದದ ಕೋನ್ ಹಿಂದೆ ಮುಂದೆ ಆಡಿ ಗಾಳಿಯನ್ನು ನಡುಗಿಸ್ತದೆ ಅಷ್ಟೆ. ಆದ್ರೆ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಬಳಸಬಾರದು ಅನ್ನುವಾಗ ಎಲ್ಲರ ಕಣ್ಣಿಗೆ ಬರುದು ಕಂಬದ ಮೇಲಿನ ಹಾರ್ನು. ನಮ್ಮ ಊರ ಮಾತಲ್ಲಂತೂ ಯಕ್ಷಗಾನದ ಆಟಕ್ಕೆ "ಮೈಕ್ ಕಟ್ಟಿದ್ದಾರೆ" ಅಂದ್ರೆ ಮೈಕು, ಆಂಪು, ಬಾಕ್ಸು, ವಯರು ಎಲ್ಲ ಸೇರಿತು. ಹಾಗಾಗಿ ಮೊದಲ ಪ್ರಶ್ನೆ, ಸ್ಪೀಕರಿಗೆ ಮಾತ್ರ ಸಲ್ಲುವ ಶಬ್ದ ಯಾರಾದ್ರೂ ಬಳಸ್ತೀರಾ, ಇಲ್ಲಾ ಸ್ಪೀಕರ್ ಅಂತಲೇ ಇಡುವಾ? ಕೋನಿಗೆ ಮದ್ದಳೆಯ ಬಾಯಿಯ ಚರ್ಮಕ್ಕೆ ಹೇಳುವ "ಮುಚ್ಚಿಗೆ" ಹೊಂದ್ತದೆ ಅಂತ ನನಗೆ ಕಾಣ್ತದೆ, ಶಂಕು ಅಂದ್ರೆ ಗಣಿತದ ಕ್ಲಾಸಿನ ಹಾಗಾಗ್ತದೆ.

ಎರಡನೇದು ಓಮಿನ ವಿಷಯ, ಇಲ್ಲಿ ಶಬ್ದ ತಪ್ಪಿದ್ರೆ ಸಾಮಾನೇ ಹಾಳಾಗುದು. ನಮ್ಮ ಸ್ಪೀಕರಿನ ಹಿಂದೆ 8 ಓಮ್ ಅಂತ ಬರೆದಿದೆ, ಅದು ಇಂಪಿಡೆನ್ಸ್, ಅಂದ್ರೆ ಸೌಂಡಿನ ಕರೆಂಟ್ ಹರಿಯುವಾಗ ಸ್ಪೀಕರ್ ಒಡ್ಡುವ ಒಟ್ಟು ತಡೆ. ಅಂಥ ಒಳ್ಳೆ ಸ್ಪೀಕರಿಗೆ ಮೀಟರ್ ಹಿಡಿದ್ರೆ ಆರು ಆರೂವರೆ ತೋರಿಸ್ತದೆ, ಯಾಕಂದ್ರೆ ಮೀಟರ್ ನೋಡುದು ಕಾಯಿಲಿನ ತಂತಿಯ ರೋಧ ಮಾತ್ರ, ಇಂಪಿಡೆನ್ಸ್ ಸ್ವರ ಮೇಲೆ ಕೆಳಗೆ ಹೋದ ಹಾಗೆ ಬದಲಾಗ್ತದೆ. ಎರಡಕ್ಕೂ "ರೋಧ" ಅಂತ ಬರೆದ್ರೆ ಹುಡುಗರು ಇದು 6 ಓಮಿನದ್ದು, ನಮ್ಮದಲ್ಲ ಅಂತ ವಾಪಸ್ ಕೊಟ್ಟು ಬರ್ತಾರೆ. ಅಥವಾ 4 ಓಮಿನದ್ದು ಹಾಕಿದ್ರೆ, ಆಂಪ್ ಅಷ್ಟು ಕೆಳಗೆ ತಾಳುವಂಥದ್ದಲ್ಲದಿದ್ರೆ ಬಿಸಿಯಾಗಿ ಸುಡ್ತದೆ. ಇದಕ್ಕೊಂದು ಬೇರೆ ಶಬ್ದ ಬೇಕೇ ಬೇಕು. ವಾಟಿನಲ್ಲಿ ಕಷ್ಟ ಇಲ್ಲ, "ತಾಳಿಕೆ" ಸಾಕು: ಸೆಲೆಶನ್ ಕಂಪೆನಿಯ ಗ್ರೀನ್‌ಬ್ಯಾಕ್ ಅನ್ನುವ ಗಿಟಾರ್ ಸ್ಪೀಕರಿನ ತಾಳಿಕೆ 25 ವಾಟ್, ಒಂದೇ ಹಾಕಿದ್ರೆ ನಮ್ಮ 30 ವಾಟಿಗೆ ಸಾಲುದಿಲ್ಲ, ಅದೇ ಕಂಪೆನಿಯ ವಿಂಟೇಜ್ 30ದು ಹೆಸರಲ್ಲಿ ಮೂವತ್ತಿದ್ರೂ ತಾಳಿಕೆ 60.

ನಿಜವಾಗಿ ನಾನು ಸಿಕ್ಕಿಬಿದ್ದದ್ದು ಮೂರನೇದರಲ್ಲಿ. ತತ್ಕಾಲಕ್ಕೆ ಅಂತ ಮೈಕ್ ಸೆಟ್ಟಿನ ಬಾಕ್ಸಿಗೆ ಕೊಟ್ಟು ನೋಡಿದ್ವಿ, ಡಿಸ್ಟಾರ್ಶನ್ (ಗಿಟಾರಿನ ಸೌಂಡನ್ನು ಬೇಕಂತಲೇ ಒರಟು ಮಾಡುದು) ಹಾಕಿದ ಕೂಡ್ಲೆ ಜೇನುಹುಳ ಕಿವಿಯೊಳಗೆ ಹೊಕ್ಕ ಹಾಗೆ. ಅದು ಮಾತು ಸ್ಪಷ್ಟ ಕೇಳ್ಲಿಕ್ಕೆ ಮಾಡಿದ್ದು, ಮೇಲಿನ ಚುರುಚುರು ಎಲ್ಲ ಹೊರಗೆ ಬಿಡ್ತದೆ. ಗಿಟಾರ್ ಸ್ಪೀಕರ್ ಸುಮಾರು 5000 ಹರ್ಟ್ಸ್ ದಾಟಿದ್ರೆ ಬೇಗ ಇಳಿದು ಹೋಗ್ತದೆ, ಮತ್ತೆ ಜೋರು ಬಾರಿಸಿದಾಗ ಕೋನ್ ಇಡೀ ಒಂದಾಗಿ ಆಡದೆ ಅಲ್ಲಲ್ಲಿ ಬೇರೆ ಬೇರೆ ನಡುಗ್ತದೆ, ಅದನ್ನೇ ಗಿಟಾರಿನವರು ಬ್ರೇಕಪ್ ಅಂತ ಹೇಳಿ ಆಸೆಪಟ್ಟು ಹುಡುಕುದು. ಇದನ್ನು ಕನ್ನಡಕ್ಕೆ ತಂದು "ಸೌಂಡ್ ಒಡೀತದೆ" ಅಂದ್ರೆ ಮೈಕಿನವರಿಗೆ ಅದು ದೂರು, ಸ್ಪೀಕರ್ ಹಾಳು ಅಂತಲೇ ಅರ್ಥ. ಗಿಟಾರಿನವರಿಗೆ ಅದೇ ಬೇಕಾದ್ದು, ಯಾವ ಸ್ಪೀಕರ್ ಬೇಗ ಒಡೀತದೆ ಯಾವುದು ತಡವಾಗಿ ಅನ್ನುದರ ಮೇಲೆಯೇ ಆರಿಸುದು.

ಯೋಚಿಸುವಾಗ ತಂಬೂರಿಯ "ಜೀವಾಳ" ನೆನಪಾಯ್ತು. ತಂತಿಯ ಕೆಳಗೆ, ಅದನ್ನು ಹೊರುವ ಕುದುರೆಯ ಮೇಲೆ ಇಡುವ ಆ ದಾರ ಸರಿಯಾದ ಜಾಗಕ್ಕೆ ಬಂದ್ರೆ ತಂತಿ ಝೇಂಕರಿಸ್ತದೆ, ಕೇಳಿದವರು ಯಾರೂ ತಂಬೂರಿ ಹಾಳು ಅನ್ನುದಿಲ್ಲ, ಜೀವ ಬಂತು ಅಂತಾರೆ. ಅಲ್ಲಿ ದಾರ, ಇಲ್ಲಿ ಕಾಗದದ ಕೋನು, ಆದ್ರೆ ಬೇಕು ಅಂತಲೇ ತರಿಸುವ ನಡುಕ ಎರಡೂ. "ಈ ಸ್ಪೀಕರಿಗೆ ಬೇಗ ಜೀವಾಳ ಬರ್ತದೆ" ಅಂತ ಬರೆದ್ರೆ ನಡೀತದಾ? ಸಂಗೀತದವರು, ಮುಖ್ಯವಾಗಿ ತಂಬೂರಿ ಮೀಟುವವರು ಹೇಳಿ, ಆ ದಾರದ ಹೆಸರನ್ನು ಇಷ್ಟು ದೂರ ಎಳೆದ್ರೆ ನಿಮ್ಮ ಕಿವಿಗೆ ಚುಚ್ಚುತ್ತದಾ? ಮೊಂತಿ ಫೆಸ್ಟಿನ (ಮಾತೆ ಮರಿಯಳ ಹುಟ್ಟುಹಬ್ಬದ) ನೊವೆನಾ, ಅಂದ್ರೆ ಒಂಬತ್ತು ದಿನದ ಪ್ರಾರ್ಥನೆ, ಶುರುವಾಗುವ ಮೊದಲು ಕ್ವಾಯರಿನ ಹುಡುಗರಿಗೆ ಎರಡು ಪುಟದ ಟಿಪ್ಪಣಿ ಬರೆದು ಕೊಡ್ಲಿಕ್ಕುಂಟು, ಈ ಮೂರು ಶಬ್ದದ ಜಾಗ ಹಾಗೇ ಖಾಲಿ ಬಿಟ್ಟಿದ್ದೇನೆ.